ಮಧ್ಯಮನಿಗೆ ಯಾವ ಮಾತು? – ಕಾಸರಗೋಡಿನ ಒಂದು ಯುವತಂಡದ ಎರಡು ನಾಟಕಗಳ ಭಾಷಾವಿಚಾರ

1. ವಿಷಯನಿರ್ದೇಶ

ಕುಂಬಳೆ ಸೀಮೆಯ ಯುವಕ ಯುವತಿಯರ ಒಂದು ಹವ್ಯಾಸಿ ತಂಡವು ಬರುವ ಬೇಸಗೆಯಲ್ಲಿ ಆಡುವುದಕ್ಕೆಂದು ಎರಡು ನಾಟಕಗಳನ್ನು ಸಿದ್ಧಪಡಿಸುತ್ತಿದೆ. ಒಂದು, ಭಾಸನ ಹೆಸರಿನಲ್ಲಿ ಪ್ರಸಿದ್ಧವಾದ ‘ಮಧ್ಯಮವ್ಯಾಯೋಗ’ದ ಕನ್ನಡ ರೂಪ. ಇನ್ನೊಂದು, ಮಂಜೇಶ್ವರದ ಗೋವಿಂದ ಪೈಗಳು ಏಕಲವ್ಯನ ಕಥೆಯ ಮೇಲೆ ಬರೆದ ಪದ್ಯನಾಟಕ ‘ಹೆಬ್ಬೆರಳು’. ಸಂಸ್ಕೃತ ಕಲಿಸಿ ನಿವೃತ್ತನಾದವನು ಎಂಬ ಕಾರಣಕ್ಕೆ ಉಚ್ಚಾರ ತಿದ್ದಿಕೊಡಬೇಕು ಅಂತ ನನ್ನನ್ನು ಕರೆದರು. ಹಲವು ಸಂಜೆಗಳಲ್ಲಿ ಅಭ್ಯಾಸದ ಜಾಗದಲ್ಲಿ ಕೂತು ಕೇಳಿದ್ದೇನೆ. ಕೇಳಿದ್ದರ ಮೇಲೆ ನನಗೆ ತೋರಿದ್ದನ್ನು ಈ ಪ್ರಬಂಧದಲ್ಲಿ ಹೇಳುತ್ತೇನೆ.

ನಾಟಕ ಆಡಿ ಮುಗಿಸಿದ ಮೇಲೆ ವಿಮರ್ಶೆ ಬರೆಯುವುದು ವಾಡಿಕೆ. ಇದು ಆಡುವುದಕ್ಕಿಂತ ಮೊದಲೇ ಬರೆದದ್ದು. ಮಕ್ಕಳ ಕೈಯಲ್ಲಿ ಪಾಠದ ಪ್ರತಿ ಇನ್ನೂ ಪೆನ್ಸಿಲಿನಲ್ಲಿದೆ, ಅಳಿಸಿ ಬರೆಯಬಹುದು. ಅಭಿನಯ, ವೇಷ, ಬೆಳಕು ಮುಂತಾದವು ನನಗೆ ತಿಳಿದ ವಿಷಯಗಳಲ್ಲ. ಅವುಗಳನ್ನು ಬಿಟ್ಟು ರಂಗದ ಮೇಲೆ ಯಾವ ಪಾತ್ರಕ್ಕೆ ಯಾವ ಮಾತು ಎಂಬ ಒಂದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ. ಗಡಿನಾಡಿನಲ್ಲಿ ಇದು ಬರಿಯ ರಂಗತಂತ್ರದ ಪ್ರಶ್ನೆಯಾಗಿ ಉಳಿಯುವುದಿಲ್ಲ.

2. ಪರಿಸರ

ವಿದ್ವಾಂಸರಿಗೆ ಗೊತ್ತಿರುವ ಸಂಗತಿಗಳನ್ನು ಸಂಕ್ಷೇಪದಲ್ಲಿ ನೆನಪಿಸುತ್ತೇನೆ. ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗವು 1967ರ ವರದಿಯಲ್ಲಿ ಹೇಳಿತು, ಅದು ಕಾರ್ಯಗತವಾಗಲಿಲ್ಲ. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಕನ್ನಡ ಮಾಧ್ಯಮದ ಶಾಲೆಗಳು ಈಗಲೂ ಉಂಟು. ಆದರೆ ಕನ್ನಡದ ಮನೆಗಳಿಂದಲೂ ಇಂಗ್ಲಿಷ್ ಮಾಧ್ಯಮಕ್ಕೂ ಮಲಯಾಳ ಮಾಧ್ಯಮಕ್ಕೂ ಹೋಗುವ ಮಕ್ಕಳು ಇದ್ದಾರೆ. ಮಲಯಾಳ ಕಲಿಕೆಯನ್ನು ಎಲ್ಲ ಶಾಲೆಗಳಿಗೂ ಕಡ್ಡಾಯ ಮಾಡುವ ಕಾನೂನು 2017ರಲ್ಲಿ ಬಂದಾಗ ಇಲ್ಲಿ ಎದ್ದ ಆತಂಕ ಎಲ್ಲರಿಗೂ ನೆನಪಿದೆ.

ಇದಕ್ಕಿಂತ ಹಳೆಯದಾದ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಇಲ್ಲಿಯ ಕನ್ನಡಿಗರಲ್ಲಿ ಬಹುಮಂದಿಗೆ ಪುಸ್ತಕದ ಕನ್ನಡ ಮನೆಮಾತಲ್ಲ. ಒಬ್ಬರ ಮನೆಯಲ್ಲಿ ಹವ್ಯಕ, ಇನ್ನೊಬ್ಬರಲ್ಲಿ ತುಳು, ಮತ್ತೊಬ್ಬರಲ್ಲಿ ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ. ಇವರೆಲ್ಲರಿಗೂ ಶಾಲೆ, ದೇವಸ್ಥಾನದ ಆಮಂತ್ರಣ, ಪತ್ರವ್ಯವಹಾರ, ತಾಳಮದ್ದಳೆ ಮತ್ತು ಯಕ್ಷಗಾನ – ಇಷ್ಟರ ಮೂಲಕ ಕನ್ನಡ ಸಿಕ್ಕಿತು. ಪಾರ್ತಿಸುಬ್ಬನ ಹೆಸರಿಗೆ ಅಂಟಿಕೊಂಡ ಈ ಊರಿನಲ್ಲಿ ಕನ್ನಡವನ್ನು ಹಿಡಿದು ನಿಲ್ಲಿಸಿದ್ದು ಮುಖ್ಯವಾಗಿ ರಂಗಸ್ಥಳ ಅಂದರೆ ಉತ್ಪ್ರೇಕ್ಷೆ ಆಗಲಾರದು. ಆದುದರಿಂದ ರಂಗದ ಮೇಲೆ ಮಾತನ್ನು ಹೇಗೆ ಹಂಚುತ್ತೇವೆ ಎಂಬುದಕ್ಕೆ ನಮ್ಮಲ್ಲಿ ಬೇರೆಡೆಗಿಂತ ಹೆಚ್ಚಿನ ತೂಕ ಉಂಟು.

3. ಶಾಸ್ತ್ರದಲ್ಲಿ ಮಾತಿನ ಹಂಚಿಕೆ

ಭರತನ ನಾಟ್ಯಶಾಸ್ತ್ರದಲ್ಲಿ ಭಾಷಾವಿಧಾನಕ್ಕೆ ಒಂದು ಅಧ್ಯಾಯವೇ ಇದೆ; ಮುದ್ರಣಭೇದದಿಂದ ಅದು ಹದಿನೇಳನೆಯದೋ ಹದಿನೆಂಟನೆಯದೋ ಆಗುತ್ತದೆ. ಉತ್ತಮರಾದ ಪುರುಷರಿಗೆ ಸಂಸ್ಕೃತ, ಸ್ತ್ರೀಯರಿಗೆ ಸಾಮಾನ್ಯವಾಗಿ ಶೌರಸೇನಿ, ಇತರರಿಗೆ ಮಾಗಧಿ, ಪ್ರಾಚ್ಯೆ ಮುಂತಾದವು. ಅವಕ್ಕೂ ಕೆಳಗೆ ವಿಭಾಷೆಗಳೆಂದು ಕೆಲವನ್ನು ಹೇಳಿ, ಶಬರ, ಆಭೀರರ ಮಾತುಗಳ ಸಾಲಿನಲ್ಲಿ ದ್ರವಿಡರ ಮಾತನ್ನೂ ಇಟ್ಟಿದ್ದಾನೆ. ಅಂದರೆ ನಮ್ಮ ನಿಮ್ಮ ಪೂರ್ವಿಕರ ಮಾತು ಆ ಪಟ್ಟಿಯ ತಳದಲ್ಲಿತ್ತು. ಇದನ್ನು ಓದಿಸುವಾಗ ನಾನು ಮಕ್ಕಳಿಗೆ ಅದನ್ನೂ ಹೇಳುತ್ತಿದ್ದೆ.

ಈ ಹಂಚಿಕೆಯಲ್ಲಿ ಎರಡು ಅಂಶಗಳು ಇವೆ. ಮೊದಲನೆಯದು, ಮಾತು ನಿಶ್ಚಯವಾಗುವುದು ಆಡುವವನ ಅಂತಸ್ತಿನ ಮೇಲೆ. ಎರಡನೆಯದು ನಮಗೆ ಉಪಯೋಗಕ್ಕೆ ಬರುವಂಥದು: ದುಷ್ಯಂತ ಸಂಸ್ಕೃತದಲ್ಲಿ ಕೇಳುತ್ತಾನೆ, ಶಕುಂತಲೆ ಪ್ರಾಕೃತದಲ್ಲಿ ಉತ್ತರ ಕೊಡುತ್ತಾಳೆ, ನಡುವೆ ದುಭಾಷಿ ಬೇಡ. ಒಂದೇ ಮಾತು ಆಡುವ ಊರಿನವರಿಗೆ ಇದು ಕೃತಕ ಅನ್ನಿಸಬಹುದು. ಕುಂಬಳೆ ಪೇಟೆಯಲ್ಲಿ ಒಬ್ಬ ತುಳುವಿನಲ್ಲಿ ಕ್ರಯ ಕೇಳಿ ಇನ್ನೊಬ್ಬ ಮಲಯಾಳದಲ್ಲಿ ಹೇಳಿ ವ್ಯಾಪಾರ ಕುದುರುವುದನ್ನು ದಿನಾ ನೋಡುವವರಿಗೆ ಕಾಳಿದಾಸ ಬರೆದದ್ದು ಲೋಕರೂಢಿಯೇ.

ಯಕ್ಷಗಾನ ಬೇರೆ ದಾರಿ ಹಿಡಿಯಿತು. ರಾಜ, ರಾಕ್ಷಸ, ಸ್ತ್ರೀ, ಋಷಿ ಎಲ್ಲರೂ ಒಂದೇ ಶಿಷ್ಟಕನ್ನಡದಲ್ಲಿ ಅರ್ಥ ಹೇಳುತ್ತಾರೆ, ಇಂಗ್ಲಿಷ್ ಶಬ್ದ ಒಂದು ಜಾರಿದರೂ ಸಭೆ ಮುಖ ಸಿಂಡರಿಸುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣನಿಗೂ ರಾಮನಿಗೂ ಇದ್ದ ಭಿನ್ನತೆ ವಿಚಾರದಲ್ಲಿತ್ತು, ಭಾಷೆಯ ಮೇಲುಕೀಳಿನಲ್ಲಿ ಇರಲಿಲ್ಲ. ಇದು ದೊಡ್ಡ ಗುಣ. ಆದರೆ ಅಲ್ಲಿಯೂ ಹಾಸ್ಯಗಾರನಿಗೆ ಮಾತ್ರ ಮನೆಮಾತಿನ ಬಾಗಿಲು ತೆರೆದಿತ್ತು. ಹಾಗಾಗಿ ರಂಗದ ಮೇಲೆ ಹವ್ಯಕವೋ ಗ್ರಾಮ್ಯ ಕನ್ನಡವೋ ಕೇಳಿದ ಕೂಡಲೇ ನಗಬೇಕು ಎಂಬ ಅಭ್ಯಾಸ ನಮ್ಮ ಪ್ರೇಕ್ಷಕರ ಕಿವಿಗೆ ಅಂಟಿತು.

4. ‘ಮಧ್ಯಮವ್ಯಾಯೋಗ’: ಈಗಿರುವ ಪಾಠ

ಕಥೆ ಚಿಕ್ಕದು. ಮೂವರು ಮಕ್ಕಳೊಡನೆ ಕಾಡುದಾರಿಯಲ್ಲಿ ಹೋಗುವ ಬ್ರಾಹ್ಮಣ ದಂಪತಿಗಳನ್ನು ಘಟೋತ್ಕಚ ತಡೆಯುತ್ತಾನೆ. ತಾಯಿ ಹಿಡಿಂಬೆಯ ಉಪವಾಸದ ಪಾರಣೆಗೆ ಒಬ್ಬ ಮನುಷ್ಯ ಬೇಕು. ಹಿರಿಯವನನ್ನು ತಂದೆ ಬಿಡಲಾರ, ಕಿರಿಯವನನ್ನು ತಾಯಿ ಬಿಡಲಾರಳು. ನಡುವಿನವನು ತಾನು ಹೋಗುತ್ತೇನೆ ಅನ್ನುತ್ತಾನೆ. ನೀರು ಕುಡಿಯಲು ಹೋದ ಅವನು ಬರಲು ತಡವಾದಾಗ ಘಟೋತ್ಕಚ ‘ಮಧ್ಯಮ’ ಎಂದು ಕೂಗುತ್ತಾನೆ. ಕುಂತಿಯ ಮಕ್ಕಳಲ್ಲಿ ನಡುವಿನವನಾದ ಭೀಮ ತನ್ನನ್ನೇ ಕರೆದರು ಅಂತ ಬರುತ್ತಾನೆ. ಹೋರಾಟವಾಗಿ, ಕೊನೆಗೆ ಹಿಡಿಂಬೆಯ ಎದುರಿನಲ್ಲಿ ತಂದೆ ಮಗನ ಗುರುತು ಹತ್ತುತ್ತದೆ.

ತಂಡದ ಪಾಠದಲ್ಲಿ ಮಾತಿನ ಹಂಚಿಕೆ ಹೀಗಿದೆ. ಬ್ರಾಹ್ಮಣ ಕುಟುಂಬಕ್ಕೆ ಪುಸ್ತಕದ ಕನ್ನಡ. ಭೀಮನಿಗೆ ಯಕ್ಷಗಾನದ ಕನ್ನಡ. ಘಟೋತ್ಕಚನಿಗೆ ತುಳು ಬೆರೆಸಿ ಮುರಿದ ಕನ್ನಡ. ತಂದೆಯ ಗುರುತು ಸಿಕ್ಕಿದ ಮೇಲೆ ಅದೇ ಘಟೋತ್ಕಚ ಇದ್ದಕ್ಕಿದ್ದ ಹಾಗೆ ಶುದ್ಧ ಕನ್ನಡ ಮಾತಾಡುತ್ತಾನೆ. ಅಭ್ಯಾಸ ನೋಡಲು ಬಂದ ಊರವರು ಮೊದಲ ಭಾಗದಲ್ಲಿ ಚೆನ್ನಾಗಿ ನಕ್ಕರು. ಹುಡುಗರಿಗೆ ಉತ್ಸಾಹ ಬಂತು, ಮರುದಿನ ಇನ್ನೆರಡು ಇಂಥ ಮಾತು ಸೇರಿಸಿದರು.

ಇದಕ್ಕೆ ನನ್ನ ಆಕ್ಷೇಪಗಳು ಮೂರು.

ಒಂದು: ಮೂಲದಲ್ಲಿ ಘಟೋತ್ಕಚ ಆಡುವುದು ಸಂಸ್ಕೃತವನ್ನೇ, ಶ್ಲೋಕಗಳಲ್ಲಿಯೂ. ರಾಕ್ಷಸಿಯ ಮಗನೆಂದು ಕವಿ ಅವನ ನಾಲಿಗೆಯನ್ನು ಕೆಳಕ್ಕಿಳಿಸಲಿಲ್ಲ. ಬ್ರಾಹ್ಮಣನನ್ನು ತಡೆಯಬಾರದು ಎಂದು ತಿಳಿದೂ ತಾಯಿಯ ಅಪ್ಪಣೆ ಮೀರಲಾರದೆ ಸಂಕಟಪಡುವವನು ಅವನು. ನಗುವಿನ ಪಾತ್ರ ಮಾಡಿದರೆ ಈ ಸಂಕಟ ಹೋಯಿತು, ನಾಟಕದ ಅರ್ಧ ಹೋಯಿತು.

ಎರಡು: ಗುರುತು ಸಿಕ್ಕಿದ ಮೇಲೆ ಮಾತು ಶುದ್ಧವಾಗುವುದು ಎಂದರೆ ಏನು ಅರ್ಥ? ತುಳು ರಾಕ್ಷಸತನದ ಲಕ್ಷಣ, ಕ್ಷತ್ರಿಯನ ಮಗನೆಂದು ಗೊತ್ತಾದ ಕೂಡಲೇ ಅದು ಕಳಚಿ ಬೀಳಬೇಕು ಎಂದಾಯಿತು. ತಂಡದಲ್ಲಿ ತುಳು ಮನೆಮಾತಿನ ಹುಡುಗರು ಅರ್ಧಕ್ಕಿಂತ ಹೆಚ್ಚು. ಇದು ಅವರ ಯೋಚನೆಯಿಂದ ಬಂದದ್ದಲ್ಲ, ಕಿವಿಯ ಅಭ್ಯಾಸದಿಂದ ಬಂದದ್ದು ಎಂದು ನನಗೆ ಗೊತ್ತು. ಆದರೆ ರಂಗದ ಮೇಲೆ ಹೋದ ಮೇಲೆ ಅರ್ಥವನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ.

ಮೂರು: ಬ್ರಾಹ್ಮಣನ ಮನೆಯವರು ತಮ್ಮ ತಮ್ಮೊಳಗೆ ಆಡುವ ಮಾತು ಪಾಠದಲ್ಲಿ ಜೀವವಿಲ್ಲದೆ ನಿಂತಿದೆ. ನಡುವಿನ ಮಗ ‘ತಂದೆಯವರೇ, ನನಗೆ ಹೊರಡಲು ಅಪ್ಪಣೆ ಕೊಡಿ’ ಎನ್ನುತ್ತಾನೆ. ಒಂದು ಸಂಜೆ, ಪಾಠ ಮರೆತ ಹುಡುಗ ಬಾಯಿಗೆ ಬಂದ ಹಾಗೆ ‘ಅಪ್ಪಾ, ಆನು ಹೋವ್ತೆ’ ಅಂದ. ಅಬ್ಬೆಯ ಪಾತ್ರದ ಕೂಸು ತಲೆಯೆತ್ತಿ ಅವನನ್ನು ನೋಡಿತು. ಅಷ್ಟು ದಿನದಲ್ಲಿ ಆ ದೃಶ್ಯ ನಿಜವಾಗಿ ಕಂಡದ್ದು ಅದೊಂದೇ ಸಲ. ನಿರ್ದೇಶಕರು ಕೂಡಲೇ ‘ಪಾಠದಲ್ಲಿದ್ದ ಹಾಗೆ ಹೇಳು’ ಎಂದು ತಿದ್ದಿದರು.

ಇಲ್ಲಿ ತಿದ್ದುವಂಥದು ಏನೂ ಇರಲಿಲ್ಲ. ‘ಆನು’ ಎಂಬುದು ಹಳಗನ್ನಡದ ‘ಆನ್’; ‘ಎನಗೆ’, ‘ಎನ್ನ’, ‘ಅಬ್ಬೆ’ ಇವೂ ಹಾಗೆಯೇ ಹಳೆಯವು. ಪಂಪನ ಕಾಲದ ಸರ್ವನಾಮವನ್ನು ಅಡುಗೆಮನೆಯಲ್ಲಿ ಉಳಿಸಿಕೊಂಡವರಿಗೆ ಅದು ಗ್ರಾಮ್ಯ ಎಂದು ಕಲಿಸುತ್ತಿದ್ದೇವೆ. ಸ್ತ್ರೀಯರ ವಿಷಯದಲ್ಲಿ ಹವ್ಯಕದಲ್ಲಿ ನಪುಂಸಕ ರೂಪ ಬರುವುದು, ‘ಅಬ್ಬೆ ಹೇಳಿತ್ತು’ ಎಂಬಂತೆ, ಎಲ್ಲರಿಗೂ ಗೊತ್ತಿದ್ದದ್ದೇ. ಅದರಲ್ಲಿ ಅನಾದರವಿಲ್ಲ. ಹೊರಗಿನವರು ಅನಾದರವೆಂದು ಎಣಿಸುತ್ತಾರೆಂಬ ಹೆದರಿಕೆಯಿಂದ ಅದನ್ನೂ ಪಾಠದಿಂದ ತೆಗೆದಿದ್ದಾರೆ. ದೇಶಿಯ ಬಗೆಗಳು ಲೆಕ್ಕಕ್ಕೆ ಸಿಗಲಾರವು ಎಂದು ಕವಿರಾಜಮಾರ್ಗದ ಕಾಲದಲ್ಲೇ ಒಪ್ಪಿಕೊಂಡಾಗಿದೆ. ಇವತ್ತು ನಾವು ಒಂದೇ ಬಗೆಯನ್ನು ಉಳಿಸಿ ಬೇರೆಯವುಗಳಿಗೆ ನಾಚುವುದು ಯಾಕೆ?

5. ಸೂಚನೆ: ಕೇಳುವವನನ್ನು ನೋಡಿ ಮಾತು

ಹಾಗಾದರೆ ಬ್ರಾಹ್ಮಣ ಕುಟುಂಬಕ್ಕೆ ಹವ್ಯಕ, ಘಟೋತ್ಕಚನಿಗೆ ತುಳು ಎಂದು ಹಂಚಿಬಿಡೋಣವೇ ಎಂದು ಹುಡುಗರು ಕೇಳಿದರು. ಅಷ್ಟೇ ಮಾಡಿದರೆ ಭರತನ ಪಟ್ಟಿಯನ್ನು ಜಾತಿಯ ಪಟ್ಟಿಯಾಗಿ ಮತ್ತೆ ಬರೆದ ಹಾಗೆ ಆಗುತ್ತದೆ. ನಮ್ಮ ಊರಿನಲ್ಲಿ ಮಾತು ನಿಜವಾಗಿ ಹೇಗೆ ಹಂಚಿಹೋಗಿದೆ ಎಂದು ನೋಡಬೇಕು. ಇಲ್ಲಿ ಒಬ್ಬನೇ ಮನುಷ್ಯ ಮನೆಯೊಳಗೆ ಒಂದು ಮಾತು, ಜಗಲಿಗೆ ಬಂದವರೊಡನೆ ಇನ್ನೊಂದು, ಪೇಟೆಯಲ್ಲಿ ಮೂರನೆಯದನ್ನು ಆಡುತ್ತಾನೆ. ಯಾರು ಆಡುತ್ತಾನೆ ಎನ್ನುವುದಕ್ಕಿಂತ ಯಾರೊಡನೆ ಆಡುತ್ತಾನೆ ಎಂಬುದೇ ಇಲ್ಲಿ ನಿಯಾಮಕ. ಇದೇ ನಿಯಮವನ್ನು ರಂಗಕ್ಕೆ ತಂದರೆ ಸಾಕು.

ಆಗ ತಂದೆ, ತಾಯಿ, ಮೂವರು ಮಕ್ಕಳು ತಮ್ಮೊಳಗೆ ಹವ್ಯಕ ಆಡಲಿ. ಹಿಡಿಂಬೆ, ಘಟೋತ್ಕಚರು ತಮ್ಮೊಳಗೆ ತುಳು ಆಡಲಿ. ಒಂದು ಮನೆಯವರು ಇನ್ನೊಂದು ಮನೆಯವರೊಡನೆ, ಅಂದರೆ ಬ್ರಾಹ್ಮಣನೊಡನೆ ಘಟೋತ್ಕಚ, ಘಟೋತ್ಕಚನೊಡನೆ ಅಪರಿಚಿತನಾದ ಭೀಮ, ಆಡುವಾಗ ಯಕ್ಷಗಾನದ ಶಿಷ್ಟಕನ್ನಡವೇ ಇರಲಿ. ಇಬ್ಬರದ್ದೂ ಸಮಾನ ಶಿಷ್ಟ. ಕಾಸರಗೋಡಿನಲ್ಲಿ ಕನ್ನಡ ಮಾಡಿದ ಕೆಲಸವೂ ಅದೇ ಅಲ್ಲವೇ, ಬೇರೆ ಬೇರೆ ಮನೆಗಳ ನಡುವೆ ಜಗಲಿಯಾಗಿ ನಿಂತದ್ದು?

ಈ ಹಂಚಿಕೆಯಿಂದ ನಾಟಕಕ್ಕೆ ಬರುವ ಲಾಭ ದೊಡ್ಡದು. ಭೀಮನೇ ತಂದೆ ಎಂದು ತಿಳಿದ ಕ್ಷಣದಲ್ಲಿ ಘಟೋತ್ಕಚ ಜಗಲಿಯ ಕನ್ನಡ ಬಿಟ್ಟು ಮನೆಯ ತುಳುವಿಗೆ ಇಳಿಯುತ್ತಾನೆ. ಅಲ್ಲಿಯವರೆಗೆ ‘ನೀನು ಯಾರು’ ಎಂದು ಕೇಳುತ್ತಿದ್ದವನು ‘ಅಮ್ಮೆ’ ಅನ್ನುತ್ತಾನೆ. ತುಳುವಿನಲ್ಲಿ ಅಮ್ಮೆ ಎಂದರೆ ತಂದೆ, ಅಪ್ಪೆ ಎಂದರೆ ತಾಯಿ. ಕನ್ನಡ ಮಾತ್ರ ತಿಳಿದವರಿಗೆ ಅದಲುಬದಲಾದ ಹಾಗೆ ಕೇಳಬಹುದು, ನಮ್ಮ ಪ್ರೇಕ್ಷಕರಿಗೆ ವಿವರಣೆ ಬೇಡ. ಗುರುತು ಹತ್ತಿತು ಎಂಬುದನ್ನು ಮಾತಿನ ಬದಲಾವಣೆಯೇ ಹೇಳಿಬಿಡುತ್ತದೆ. ಈಗಿನ ಪಾಠದಲ್ಲಿ ಇದಕ್ಕೆ ಸರಿಯಾಗಿ ವಿರುದ್ಧವಾದದ್ದು ನಡೆಯುತ್ತಿದೆ.

ಇನ್ನೂ ಒಂದು ಸಣ್ಣ ಸಂಗತಿ. ಆ ಹುಡುಗನ ಅಬ್ಬೆ, ಈ ರಾಕ್ಷಸನ ಅಪ್ಪೆ – ಕಿವಿಗೆ ಎಷ್ಟು ಹತ್ತಿರ! ಮೂಲದ ಚರ್ಚೆಯನ್ನು ಭಾಷಾವಿಜ್ಞಾನಿಗಳಿಗೆ ಬಿಡುತ್ತೇನೆ. ಎರಡು ತಾಯಂದಿರ ನಡುವೆ ನಡೆಯುವ ಈ ನಾಟಕದಲ್ಲಿ ಎರಡೂ ಕೂಗುಗಳು ಒಂದರ ಹಿಂದೆ ಒಂದು ಕೇಳಿಸಿದರೆ ಸಾಕು. ನಗು ಬೇಕೇ ಬೇಕೆಂದರೆ ಅದಕ್ಕೂ ದಾರಿ ಉಂಟು. ನೀರಿಗೆ ಹೋದ ಹುಡುಗ ಕರೆಗೆ ಮನೆಮಾತಿನಲ್ಲಿ ‘ಬತ್ತೆ’ ಎಂದು ಓಗೊಡಲಿ. ಹವ್ಯಕದಲ್ಲಿ ಅದು ‘ಬರುತ್ತೇನೆ’. ತುಳುವಿನಲ್ಲಿ, ಕೊನೆಯ ಎಕಾರವನ್ನು ಸ್ವಲ್ಪ ಅಗಲಿಸಿ ಹೇಳಿದರೆ, ‘ಬಂದೆ’. ಬಂದೆ ಅನ್ನುತ್ತಾನೆ, ಬರುವುದು ಕಾಣುವುದಿಲ್ಲ ಎಂದು ಘಟೋತ್ಕಚ ಚಡಪಡಿಸುವುದಕ್ಕೆ ಕಾರಣವೂ ಸಿಕ್ಕಿತು, ಯಾರ ಮಾತನ್ನೂ ಹೀಯಾಳಿಸದೆ ನಗುವೂ ಬಂತು.

6. ಮಲಯಾಳ ಲಿಪಿಯ ಪಾಠಪ್ರತಿ

ಹಿಡಿಂಬೆಯ ಪಾತ್ರದ ಹುಡುಗಿ ಮತ್ತು ಇನ್ನಿಬ್ಬರು ಶಾಲೆಯಲ್ಲಿ ಕನ್ನಡ ಕಲಿತವರಲ್ಲ. ತಮ್ಮ ಕನ್ನಡ ಮಾತುಗಳನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡು ಕಲಿಯುತ್ತಾರೆ. ತಂಡದ ಹಿತೈಷಿಗಳಾದ ಹಿರಿಯರೊಬ್ಬರು ಇದನ್ನು ಕಂಡು ಬಹಳ ನೊಂದು, ಕನ್ನಡ ಅಕ್ಷರ ಬಾರದವರಿಗೆ ಪಾತ್ರ ಕೊಡಬಾರದು ಎಂದರು. ಅವರ ನೋವು ನನಗೆ ಅರ್ಥವಾಗುತ್ತದೆ, ಅವರ ತೀರ್ಮಾನ ಒಪ್ಪಿಗೆಯಾಗುವುದಿಲ್ಲ.

ಈ ‘ಮಧ್ಯಮವ್ಯಾಯೋಗ’ ನಮಗೆ ಸಿಕ್ಕಿದ್ದಾದರೂ ಹೇಗೆ? 1909ರಲ್ಲಿ ಟಿ. ಗಣಪತಿಶಾಸ್ತ್ರಿಗಳು ಪದ್ಮನಾಭಪುರದ ಬಳಿಯ ಒಂದು ಮಠದಲ್ಲಿ ಮಲಯಾಳ ಲಿಪಿಯ ತಾಳೆಗರಿಗಳಲ್ಲಿ ಈ ನಾಟಕಗಳ ಗುಂಪನ್ನು ಕಂಡರು. 1912ರಿಂದ ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಅಚ್ಚು ಮಾಡಿಸಿದರು. ಅವೆಲ್ಲ ಭಾಸನವೇ ಅಲ್ಲವೇ ಎಂಬ ವಾದ ಇವತ್ತಿಗೂ ಮುಗಿದಿಲ್ಲ, ಅದು ಇರಲಿ. ಬೇರೆ ಕಡೆ ಮರೆತುಹೋದ ಸಂಸ್ಕೃತ ನಾಟಕಗಳನ್ನು ಕಾಪಾಡಿದ್ದು ಮಲಯಾಳ ಲಿಪಿ. ಅದೇ ಲಿಪಿ ಒಂದು ಹುಡುಗಿಯ ಕನ್ನಡವನ್ನು ನಾಲ್ಕು ತಿಂಗಳು ಕಾಪಾಡಿದರೆ ಅಪಚಾರವಾಗದು.

ಆದರೆ ಉಚ್ಚಾರದಲ್ಲಿ ಎಚ್ಚರ ಬೇಕು. ಮಲಯಾಳದ ಓದಿನಲ್ಲಿ ಸ್ವರಗಳ ನಡುವೆ ಬರುವ ಕ, ಟ, ತಗಳು ಮೆತ್ತಗಾಗುತ್ತವೆ. ಹಾಗಾಗಿ ‘ಮಾತು’ ಎಂಬುದು ‘ಮಾದು’ವಿನ ಹತ್ತಿರ ಹೋಗುತ್ತದೆ, ‘ಕತೆ’ ‘ಕದೆ’ ಆಗುತ್ತದೆ. ಪದಾಂತ್ಯದ ಉಕಾರವನ್ನು ಚಂದ್ರಕಲೆ ಹಾಕಿ ಬರೆದರೆ ‘ನಾಡು’, ‘ಊರು’ಗಳ ಕೊನೆ ಅರೆ ಉಕಾರವಾಗಿ ನುಂಗಿಹೋಗುತ್ತದೆ. ತುಳುವಿನ ಮಕ್ಕಳಲ್ಲಿಯೂ ಇದು ಉಂಟು. ಪೂರ್ಣ ಉಕಾರದ ಚಿಹ್ನೆ ಹಾಕಿ ಬರೆದುಕೊಳ್ಳಿ ಎಂದು ಹೇಳಿದೆ. ಒಂದು ವಾರದಲ್ಲಿ ಸರಿಯಾಯಿತು. ಸ್ವರಮಧ್ಯದ ತಕಾರಕ್ಕೆ ಮಾತ್ರ ಇನ್ನೂ ಕೂತು ಕಲಿಸಬೇಕು. ಇವರ ಳಕಾರವಂತೂ ಗಟ್ಟಿಯಾಗಿದೆ, ಅದನ್ನು ತಿದ್ದುವ ಪ್ರಸಂಗವೇ ಬರಲಿಲ್ಲ.

7. ‘ಹೆಬ್ಬೆರಳು’

ಗೋವಿಂದ ಪೈಗಳ (1883–1963) ಭಾಷೆ ಸುಲಭವಲ್ಲ. ಹಳಗನ್ನಡದ ರೂಪಗಳು, ಅಪೂರ್ವ ಶಬ್ದಗಳು ಹೆಜ್ಜೆ ಹೆಜ್ಜೆಗೆ ಸಿಗುತ್ತವೆ. ತಂಡದವರು ಹೆದರಿ ಪದ್ಯವನ್ನೆಲ್ಲ ಗದ್ಯಕ್ಕಿಳಿಸಿದ್ದಾರೆ, ಅದೂ ಟಿ.ವಿ. ಧಾರಾವಾಹಿಯ ಗದ್ಯಕ್ಕೆ. ದ್ರೋಣ ಬೆಂಗಳೂರಿನ ಮನೆಯೊಂದರ ಯಜಮಾನನ ಹಾಗೆ ಮಾತಾಡುತ್ತಾನೆ. ಪೈಗಳ ಊರಿನಲ್ಲಿ, ಅವರ ಮನೆ ‘ಗಿಳಿವಿಂಡು’ ಎಂಬ ಸ್ಮಾರಕವಾಗಿ ನಿಂತಿರುವಲ್ಲಿಂದ ಬಸ್ಸಿನ ದೂರದಲ್ಲಿ, ಅವರ ನುಡಿಯನ್ನೇ ತೆಗೆದು ಅವರ ನಾಟಕ ಆಡುವುದು ಸರಿ ಕಾಣುವುದಿಲ್ಲ. ಕಷ್ಟವೆಂದರೆ ಅಲ್ಲಲ್ಲಿ ಕಡಿಮೆ ಮಾಡಲಿ. ಉಳಿದದ್ದನ್ನು ಛಂದಸ್ಸಿನ ನಡೆಯಲ್ಲಿಯೇ ಹೇಳಲಿ. ತಾಳಮದ್ದಳೆ ಕೇಳಿ ಬೆಳೆದ ಕಿವಿಗೆ ಲಯದ ಮಾತು ಹೊಸತಲ್ಲ.

ಇಲ್ಲಿ ಒಂದು ವಿಶೇಷ ಕಂಡಿತು. ಹಳಗನ್ನಡದ ರೀತಿ ತಿಳಿಸುವಾಗ ೞಕಾರದ ಪ್ರಸ್ತಾಪ ಬಂತು. ಕನ್ನಡ ಮಾಧ್ಯಮದ ಮಕ್ಕಳಿಗೆ ಅದು ಸತ್ತ ಅಕ್ಷರ. ಮಲಯಾಳ ಓದಿದ ಹುಡುಗಿ ಕೂಡಲೇ ಅದನ್ನು ಸ್ಪಷ್ಟವಾಗಿ ಉಚ್ಚರಿಸಿತು. ಹಳಗನ್ನಡದ ಮೞೆ ಅವಳಿಗೆ ‘ಮೞ’, ಪುೞು ‘ಪುೞು’ವೇ. ಕೇಶಿರಾಜ ವಿಸ್ತಾರವಾಗಿ ಚರ್ಚಿಸಿದ ಧ್ವನಿಯನ್ನು ಕನ್ನಡ ಅಕ್ಷರ ಬಾರದ ಹುಡುಗಿ ಕನ್ನಡದ ಮಕ್ಕಳಿಗೆ ಹೇಳಿಕೊಟ್ಟಳು. ‘ಮಾಷೇ, ಇದು ನಮ್ಮದೇ ಅಲ್ಲವಾ’ ಎಂದು ಕೇಳಿದಳು. ಹೌದು, ನಮ್ಮದೇ.

ಏಕಲವ್ಯನಿಗೆ ‘ಕಾಡುಭಾಷೆ’ ಎಂಬ ಹೆಸರಿನಲ್ಲಿ, ಯಾರೂ ಎಲ್ಲಿಯೂ ಆಡದ ತೊದಲು ಕನ್ನಡವೊಂದನ್ನು ಕಟ್ಟಿದ್ದಾರೆ. ಇದನ್ನು ಪೂರ್ತಿ ತೆಗೆಯಬೇಕು. ಏಕಲವ್ಯ ಗುರುವಿಲ್ಲದೆ ವಿದ್ಯೆಯನ್ನು ಪೂರ್ಣವಾಗಿ ಕಲಿತವನು. ಅವನ ಮಾತು ಮಾತ್ರ ಅಪೂರ್ಣವಾಗಿ ಇರುವುದಕ್ಕೆ ಕಾರಣವಿಲ್ಲ. ಕುವೆಂಪು ಅವರೂ ‘ಬೆರಳ್‌ಗೆ ಕೊರಳ್’ನಲ್ಲಿ ಇದೇ ಕಥೆಯನ್ನು ತೆಗೆದುಕೊಂಡರು. ಇಬ್ಬರು ಕವಿಗಳ ಕಣ್ಣು ಹೋದದ್ದು ಕಲಿತವನ ಘನತೆಯ ಕಡೆಗೆ. ಮನೆಮಾತನ್ನು ಹೊಸಿಲಿನಲ್ಲಿ ಬಿಟ್ಟು ಬಾ ಎಂದು ಮಗುವಿಗೆ ಹೇಳುವ ಶಾಲೆ ಕೇಳುವುದೂ ಹೆಬ್ಬೆರಳನ್ನೇ. ಕೇಳುವುದು ಮಲಯಾಳದ ಪರವಾಗಿ ಇರಲಿ, ಪುಸ್ತಕದ ಕನ್ನಡದ ಪರವಾಗಿ ಇರಲಿ.

8. ಉಪಸಂಹಾರ

‘ಮಧ್ಯಮ’ದ ಕೊನೆಗೆ ತಂಡದವರು ಒಂದು ಭಾಷಣ ಸೇರಿಸಿದ್ದಾರೆ. ನಡುವಿನ ಮಗ ಮುಂದೆ ಬಂದು ಮಹಾಜನ ವರದಿಯ ವಿಷಯ ಹೇಳುತ್ತಾನೆ. ವಿಷಯ ನ್ಯಾಯವಾದದ್ದೇ. ಆದರೂ ಭಾಷಣ ಬೇಡ ಎಂದು ನನ್ನ ಅಭಿಪ್ರಾಯ. ಒಬ್ಬನನ್ನು ತಂದೆ ಹಿಡಿದುಕೊಂಡ, ಒಬ್ಬನನ್ನು ತಾಯಿ ಹಿಡಿದುಕೊಂಡಳು, ನಡುವಿನವನು ಒಬ್ಬನೇ ನಿಂತ. ಇದನ್ನು ನೋಡಿದ ಕಾಸರಗೋಡಿನ ಪ್ರೇಕ್ಷಕನಿಗೆ 1956 ನೆನಪಾಗದೆ ಇರುವುದುಂಟೇ? ಅವನು ತಾನೇ ಕಂಡುಕೊಳ್ಳುವುದನ್ನು ನಾವು ಬಾಯಿಬಿಟ್ಟು ಹೇಳಿದರೆ ಅವನ ಪಾಲಿನ ಕೆಲಸ ಕಸಿದುಕೊಂಡ ಹಾಗೆ.

ಸಾರಾಂಶವಾಗಿ ತಂಡಕ್ಕೆ ನಾನು ಕೊಟ್ಟ ಸೂಚನೆಗಳು ಇವು: ಮಾತನ್ನು ಪಾತ್ರದ ಅಂತಸ್ತಿನಿಂದ ಹಂಚದೆ ಕೇಳುವವನಿಂದ ಹಂಚಬೇಕು, ಮನೆಮಾತು ದುಃಖಕ್ಕೂ ಗಾಂಭೀರ್ಯಕ್ಕೂ ಬರಬೇಕು, ಪೈಗಳ ಪದ್ಯವನ್ನು ಆದಷ್ಟು ಉಳಿಸಬೇಕು, ಮಲಯಾಳ ಲಿಪಿಯ ಪ್ರತಿಗಳಿಗೆ ಅಡ್ಡಿ ಮಾಡದೆ, ನಾಟಕ ಮುಗಿಯುವುದರೊಳಗೆ ಆ ಮೂವರಿಗೆ ಕನ್ನಡ ಅಕ್ಷರ ಕಲಿಸಬೇಕು. ಕೊನೆಯ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ. ಮೊದಲ ಸೂಚನೆಯನ್ನು ಒಂದು ದೃಶ್ಯದ ಮಟ್ಟಿಗೆ ಪ್ರಯೋಗ ಮಾಡಿ ನೋಡುವುದಾಗಿ ಒಪ್ಪಿದ್ದಾರೆ. ಊರವರು ನಗಲಿಕ್ಕಿಲ್ಲ ಎಂಬ ಅಳುಕು ಅವರಿಗೆ ಇನ್ನೂ ಇದೆ.

ಅಕ್ಕಲಕೋಟೆ, ಮಡಕಶಿರಾ, ತಾಳವಾಡಿಗಳಿಂದ ಬಂದ ವಿದ್ವಾಂಸರಲ್ಲಿ ನನ್ನ ಪ್ರಾರ್ಥನೆ ಇಷ್ಟು. ಮಾತು ಕೇಳುವವನಿಂದ ನಿಶ್ಚಯವಾಗುತ್ತದೆ ಎಂದು ನಾನು ಹೇಳಿದ್ದು ಕುಂಬಳೆ ಸೀಮೆಯನ್ನು ನೋಡಿ. ಮರಾಠಿ, ತೆಲುಗು, ತಮಿಳುಗಳ ನೆರೆಯಲ್ಲಿ ಅದು ಹೇಗೆ ನಿಲ್ಲುತ್ತದೆ, ಅಲ್ಲಿಯ ಹುಡುಗರು ನಾಟಕ ಆಡುವಾಗ ಮನೆಮಾತನ್ನು ಯಾರ ಬಾಯಲ್ಲಿ ಇಡುತ್ತಾರೆ ಎಂಬುದನ್ನು ತಾವು ನೋಡಿ ಬರೆಯಬೇಕು. ಪಾಠಪ್ರತಿಗಳನ್ನು, ಯಾವ ಲಿಪಿಯಲ್ಲಿದ್ದರೂ, ಎಸೆಯದೆ ಇಟ್ಟುಕೊಳ್ಳುವಂತೆ ಅಲ್ಲಲ್ಲಿಯ ತಂಡಗಳಿಗೆ ತಿಳಿಸಬೇಕು. ಉಪಭಾಷೆಯ ಅಧ್ಯಯನಕ್ಕೆ ಅವು ಒಳ್ಳೆಯ ಸಾಮಗ್ರಿ.